ಹಬ್ಬಗಳಲ್ಲಿ ಎಳೆಯ ಮಕ್ಕಳ ಕೈಗೆಲಸ

ನಮ್ಮ ಹಬ್ಬಗಳಲ್ಲಿ ಮಂತ್ರಕ್ಕೂ ನೈವೇದ್ಯಕ್ಕೂ ಎಷ್ಟು ಸ್ಥಾನವುಂಟೋ ಕೈಗೆಲಸಕ್ಕೂ ಅಷ್ಟೇ ಸ್ಥಾನವುಂಟು. ಯುಗಾದಿಗೆ ಮಾವಿನೆಲೆಯ ತೋರಣ, ನಾಗಪಂಚಮಿಗೆ ಮಣ್ಣಿನ ನಾಗಪ್ಪ, ಗೋಕುಲಾಷ್ಟಮಿಗೆ ಅಕ್ಕಿಹಿಟ್ಟಿನ ಪುಟ್ಟ ಹೆಜ್ಜೆಗಳು, ಚೌತಿಗೆ ಗಣಪತಿ, ನವರಾತ್ರಿಗೆ ಗೊಂಬೆಗಳ ಅಲಂಕಾರ, ದೀಪಾವಳಿಗೆ ಆಕಾಶಬುಟ್ಟಿ: ಇವುಗಳಲ್ಲಿ ಕೈಯನ್ನು ಬಳಸದೆ ನಡೆಯತಕ್ಕದ್ದು ಯಾವುದು? ಹಿಂದೆ ಇವೆಲ್ಲವೂ ಮನೆಯಲ್ಲಿಯೇ ಆಗುತ್ತಿದ್ದುದರಿಂದ, ಅಜ್ಜಿಯ ಮಗ್ಗುಲಲ್ಲಿ ಕುಳಿತ ಕೂಸು ಯಾರ ಉಪದೇಶವೂ ಇಲ್ಲದೆ ಹಿಟ್ಟನ್ನು ನಾದುವುದನ್ನೂ, ಎಲೆಯನ್ನು ಮಡಿಸುವುದನ್ನೂ, ಚುಕ್ಕಿಯನ್ನಿಡುವುದನ್ನೂ ಕಲಿಯುತ್ತಿತ್ತು. ಈಗಲಾದರೋ ಅನೇಕ ಮನೆಗಳಲ್ಲಿ ತೋರಣವು ಪ್ಲಾಸ್ಟಿಕ್ಕಿನದು, ರಂಗವಲ್ಲಿಯು ನೆಲಕ್ಕೆ ಅಂಟಿಸುವ ಹಾಳೆಯದು, ಗಣಪತಿಯು ಪೇಟೆಯವನು. ಮಗುವಿಗೆ ಉಳಿದಿರುವ ಕೆಲಸವೆಂದರೆ ಹೊಸ ಬಟ್ಟೆಯನ್ನು ತೊಟ್ಟು, ಕೈಮುಗಿದು ನಿಂತು, ಭಾವಚಿತ್ರವನ್ನು ತೆಗೆಯಿಸಿಕೊಳ್ಳುವುದೊಂದೇ.

ಇದರಿಂದಾಗುವ ನಷ್ಟವು ಅಲ್ಪವಲ್ಲ. ಮಂತ್ರವು ಪುಸ್ತಕದಲ್ಲಿ ಉಳಿದೀತು; ವ್ರತಕಥೆಯು ಅಚ್ಚಿನಲ್ಲಿ ಉಳಿದೀತು; ಕೈಯ ವಿದ್ಯೆಯಾದರೋ ಕೈಯಿಂದ ಕೈಗೆ ಬರತಕ್ಕದ್ದೇ ಹೊರತು ಅದಕ್ಕೆ ಬೇರೆ ಮಾರ್ಗವಿಲ್ಲ. ನಡುವೆ ಒಂದು ತಲೆಮಾರು ಕೈಕಟ್ಟಿ ಕುಳಿತರೆ ಮುಂದಿನವರಿಗೆ ಕಲಿಸುವವರೇ ಇಲ್ಲವಾಗುವರು. ಆದಕಾರಣ ತೊಟ್ಟಿಲ ಕೂಸು ಮೊದಲ್ಗೊಂಡು ಎಂಟು ವರ್ಷದ ಬಾಲಕಬಾಲಿಕೆಯರ ವರೆಗೆ, ಯಾವ ವಯಸ್ಸಿನವರಿಗೆ ಯಾವ ಹಬ್ಬದಲ್ಲಿ ಎಂತಹ ಕೆಲಸವನ್ನು ಕೊಡಬಹುದೆಂಬುದನ್ನು ಈ ತಿಂಗಳು ವಾಚಕರ ಮುಂದಿಡುವೆನು.

ಕೆಲಸಗಳನ್ನು ಹೇಳುವುದಕ್ಕೆ ಮುಂಚೆ ಮೂರು ನಿಯಮಗಳನ್ನು ಹೇಳುವುದು ಅವಶ್ಯವಾಗಿದೆ.

ಮೊದಲನೆಯದು: ಮಗುವಿಗೆ ಕೊಡುವ ಕೆಲಸವು ನಿಜವಾದ ಕೆಲಸವಾಗಿರಬೇಕು. ಮಗು ಮಾಡಿದ ತೋರಣವು ಬಾಗಿಲಿಗೇ ಏರಬೇಕು; ಕಲಸಿದ ಅಕ್ಷತೆಯು ಪೂಜೆಯ ತಟ್ಟೆಗೇ ಸೇರಬೇಕು. ಗಲಾಟೆ ಮಾಡದಿರಲೆಂದು ಮೂಲೆಯಲ್ಲಿ ಕೂರಿಸಿ ಏನನ್ನೋ ಮಾಡಿಸಿ, ಬಳಿಕ ಕಸದೊಡನೆ ಗುಡಿಸಿಹಾಕಿದರೆ, ಅದು ಮಗುವಿಗೆ ತಿಳಿಯದೆ ಹೋಗುವುದಿಲ್ಲ. ಮಾತು ಬಾರದ ಕೂಸಿಗೂ ಅನಾದರವು ತಿಳಿಯುತ್ತದೆ.

ಎರಡನೆಯದು: ಮಗು ಮಾಡಿದುದನ್ನು ತಿದ್ದಕೂಡದು. ವಿನಾಯಕನನ್ನು ಮಾಡಹೊರಟವನು ವಾನರನನ್ನು ಮಾಡಿದನೆಂದು ಸಂಸ್ಕೃತದಲ್ಲಿ ಒಂದು ನಾಣ್ಣುಡಿಯುಂಟು. ಗಣಪತಿಯನ್ನು ಮಾಡೆಂದರೆ ಅವರಪ್ಪನನ್ನು ಮಾಡಿದನೆಂದು ಕನ್ನಡದ ಗಾದೆಯೂ ಉಂಟು. ಇವು ದೊಡ್ಡವರ ಅವಿವೇಕವನ್ನು ಕುರಿತ ಮಾತುಗಳೇ ಹೊರತು ನಾಲ್ಕು ವರ್ಷದ ಮಗುವನ್ನು ಕುರಿತವಲ್ಲ. ಮಗುವಿನ ವಾನರನನ್ನು ತಂದೆಯು ಕೈಗೆತ್ತಿಕೊಂಡು ಸೊಂಡಿಲನ್ನು ನೇರಮಾಡಿ, ಕಿವಿಯನ್ನು ಅಗಲಮಾಡಿ, ಹೊಟ್ಟೆಯನ್ನು ದುಂಡಗೆ ಮಾಡಿ ಹಿಂದಿರುಗಿಸಿದರೆ, ಆ ವಿಗ್ರಹವು ಚೆನ್ನಾಗಿ ಕಾಣಬಹುದು. ಆದರೆ ಅದು ತಂದೆಯದಾಯಿತಲ್ಲದೆ ಮಗುವಿನದಾಗಿ ಉಳಿಯಲಿಲ್ಲ. ಬರುವ ವರ್ಷ ಆ ಮಗು ಮಣ್ಣನ್ನು ಮುಟ್ಟಲು ಹಿಂದೆಗೆಯುವುದು. ಭಕ್ತಿಯಿಂದ ಅರ್ಪಿಸಿದ ಅತ್ಯಲ್ಪ ವಸ್ತುವೂ ತನಗೆ ಸ್ವೀಕಾರ್ಯವೆಂದು ಗೀತೆಯ ಒಂಬತ್ತನೆಯ ಅಧ್ಯಾಯದಲ್ಲಿ ಭಗವಂತನೇ ಅಭಯವನ್ನು ಕೊಟ್ಟಿರುವಾಗ, ವಕ್ರವಾದ ಸೊಂಡಿಲನ್ನು ಕಂಡು ನಾವೇಕೆ ಸಂಕೋಚಪಡಬೇಕು?

ಮೂರನೆಯದು: ಸಾಮಗ್ರಿಯು ಅಡಿಗೆಯ ಮನೆಯಿಂದಲೋ ಹಿತ್ತಿಲಿನಿಂದಲೋ ಬಂದುದಾಗಿರಲಿ. ಅಕ್ಕಿಹಿಟ್ಟು, ಅರಿಸಿನ, ಎಲೆ, ಹೂ, ಜೇಡಿಮಣ್ಣು, ಕರಟ, ಹತ್ತಿ, ಕಾಗದ: ಇಷ್ಟಿದ್ದರೆ ಸಂವತ್ಸರವೆಲ್ಲ ಸಾಗುವುದು. ಹಬ್ಬವು ಮುಗಿದ ಮೇಲೆ ಇವುಗಳಲ್ಲಿ ಬಹುಭಾಗವು ಮಣ್ಣಿಗೆ ಸೇರಿಹೋಗುವುದರಿಂದ ಮನೆಯಲ್ಲಿ ಕಸವೂ ಉಳಿಯುವುದಿಲ್ಲ.

ತೊಟ್ಟಿಲ ಕೂಸುಗಳು

ಒಂದು ವರ್ಷದೊಳಗಿನ ಕೂಸು ಏನನ್ನು ತಾನೆ ಮಾಡೀತೆಂದು ಕೇಳಬಹುದು. ಅದರ ಪಾದವೇ ಒಂದು ಅಚ್ಚು. ಶ್ರಾವಣ ಬಹುಳ ಅಷ್ಟಮಿಯ ದಿನ ಬಾಗಿಲಿನಿಂದ ದೇವರ ಮನೆಯ ವರೆಗೆ ಬಾಲಕೃಷ್ಣನ ಹೆಜ್ಜೆಗಳನ್ನು ಮೂಡಿಸುವ ಪದ್ಧತಿಯು ನಮ್ಮಲ್ಲಿಯೂ ತಮಿಳುನಾಡಿನಲ್ಲಿಯೂ ಪ್ರಸಿದ್ಧವಾಗಿದೆ. ಮನೆಯಲ್ಲಿ ಕೂಸಿದ್ದರೆ ಆ ಹೆಜ್ಜೆಗಳನ್ನು ಅದರ ಪಾದಗಳಿಂದಲೇ ಮೂಡಿಸಬಹುದು. ಅಕ್ಕಿಯನ್ನು ಎರಡು ಗಂಟೆಗಳ ಕಾಲ ನೆನೆಯಿಸಿ, ನುಣ್ಣಗೆ ರುಬ್ಬಿ, ದೋಸೆಯ ಹಿಟ್ಟಿನ ಹದಕ್ಕೆ ತಂದು ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಬೇಕು. ಕಂಕುಳಲ್ಲಿ ಕೈಗೊಟ್ಟು ಒಬ್ಬರು ಕೂಸನ್ನು ಎತ್ತಿ ಹಿಡಿದುಕೊಳ್ಳಬೇಕು. ಮತ್ತೊಬ್ಬರು ಅಂಗಾಲನ್ನು ಹಿಟ್ಟಿಗೆ ಮೆಲ್ಲನೆ ತಾಗಿಸಿ, ಒರಸಿ ಒಣಗಿಸಿದ ನೆಲದ ಮೇಲೆ ಒತ್ತಬೇಕು. ನಾಲ್ಕಾರು ಹೆಜ್ಜೆಗಳಾದೊಡನೆ ಉಗುರುಬೆಚ್ಚನೆಯ ನೀರಿನಿಂದ ಪಾದವನ್ನು ತೊಳೆಯತಕ್ಕದ್ದು. ಕೂಸು ಅತ್ತರೆ ಅಲ್ಲಿಗೇ ನಿಲ್ಲಿಸತಕ್ಕದ್ದು. ಎರಡೇ ಹೆಜ್ಜೆಗಳು ಮೂಡಿದರೂ ಕೃಷ್ಣನು ಮನೆಗೆ ಬಂದಂತೆಯೇ ಆಯಿತು.

ಅಕ್ಕಿಹಿಟ್ಟನ್ನೇ ಏಕೆ ಹೇಳಿದೆನೆಂದರೆ, ಈ ವಯಸ್ಸಿನಲ್ಲಿ ಕೈಗೆ ಹತ್ತಿದುದೆಲ್ಲವೂ ಬಾಯಿಗೆ ಹೋಗುವುದು. ಕೂಸಿನ ಮೈಗೆ ತಾಗುವ ವಸ್ತುವು ತಿನ್ನಲು ಯೋಗ್ಯವಾದುದೇ ಆಗಿರಬೇಕು. ಅಂಗಡಿಯ ಬಣ್ಣವಾಗಲಿ ರಂಗೋಲಿಯ ಕಲ್ಲುಪುಡಿಯಾಗಲಿ ಇಲ್ಲಿ ಕೂಡದು.

ಅಕ್ಕತಂಗಿಯರೋ ಅಣ್ಣತಮ್ಮಂದಿರೋ ಐದಾರು ವರ್ಷದವರಿದ್ದರೆ ಅವರು ತಮ್ಮ ಮುಷ್ಟಿಯಿಂದ ಇದೇ ಹೆಜ್ಜೆಯನ್ನು ಮೂಡಿಸಬಲ್ಲರು. ಮುಷ್ಟಿಯನ್ನು ಕಟ್ಟಿ, ಕಿರುಬೆರಳಿನ ಕಡೆಯ ಅಂಚನ್ನು ಹಿಟ್ಟಿನಲ್ಲಿ ಅದ್ದಿ ನೆಲಕ್ಕೆ ಒತ್ತಿದರೆ ಅಂಗಾಲಿನ ಆಕಾರವು ಮೂಡುವುದು. ಅದರ ಮುಂದೆ ಹೆಬ್ಬೆರಳಿನಿಂದ ಒಂದು ದೊಡ್ಡ ಚುಕ್ಕಿಯನ್ನೂ ಮಿಕ್ಕ ಬೆರಳುಗಳಿಂದ ನಾಲ್ಕು ಸಣ್ಣ ಚುಕ್ಕಿಗಳನ್ನೂ ಇಟ್ಟರೆ ಕಾಲ್ಬೆರಳುಗಳಾದುವು. ಎಡಗೈಯ ಮುಷ್ಟಿಯಿಂದ ಒಂದು ಪಾದ, ಬಲಗೈಯ ಮುಷ್ಟಿಯಿಂದ ಇನ್ನೊಂದು ಪಾದ. ಹೆಬ್ಬೆರಳುಗಳೆರಡೂ ಒಳಗಡೆಗೇ ಇರಬೇಕೆಂಬುದನ್ನು ಮಕ್ಕಳು ತಮ್ಮ ಕಾಲುಗಳನ್ನು ನೋಡಿಕೊಂಡು ತಾವೇ ಕಂಡುಕೊಳ್ಳುವರು.

ಒಂದರಿಂದ ಮೂರು ವರ್ಷದವರು

ಈ ವಯಸ್ಸಿನವರಿಗೆ ಬೆರಸುವುದು, ಚೆಲ್ಲುವುದು, ಹರಿಯುವುದು, ತಟ್ಟುವುದು: ಇವೇ ಪರಮಾನಂದ. ಬೇರೆ ದಿನಗಳಲ್ಲಿ ನಾವು ಬೇಡವೆನ್ನುವ ಈ ಕ್ರಿಯೆಗಳೇ ಹಬ್ಬದಲ್ಲಿ ಉಪಯೋಗಕ್ಕೆ ಬರುವುವು.

ಮೊದಲನೆಯದಾಗಿ ಅಕ್ಷತೆ. ಒಂದು ಬಟ್ಟಲು ಅಕ್ಕಿಗೆ ಕಾಲು ಚಮಚ ಅರಿಸಿನವನ್ನೂ ನಾಲ್ಕು ಹನಿ ತುಪ್ಪವನ್ನೂ ಹಾಕಿ ಅಗಲವಾದ ಪಾತ್ರೆಯಲ್ಲಿ ಮಗುವಿನ ಮುಂದಿಟ್ಟರೆ, ಅದು ಎರಡು ಕೈಗಳಿಂದಲೂ ಕಲಸಿ ಕಲಸಿ ಅಕ್ಕಿಯನ್ನೆಲ್ಲ ಹೊಂಬಣ್ಣಕ್ಕೆ ತರುವುದು. ಅಕ್ಷತವೆಂದರೆ ಮುರಿಯದಿರುವುದೆಂದು ಅರ್ಥ. ಮನೆಯಲ್ಲಿ ನಾಲ್ಕೈದು ವರ್ಷದ ಮಗುವೂ ಇದ್ದರೆ, ನುಚ್ಚನ್ನು ಆರಿಸಿ ಇಡಿಯ ಕಾಳುಗಳನ್ನು ಮಾತ್ರ ಕೊಡುವ ಕೆಲಸವನ್ನು ಅದಕ್ಕೆ ಒಪ್ಪಿಸಿ ಈ ಅರ್ಥವನ್ನೂ ಹೇಳಬಹುದು. ಶಬ್ದಾರ್ಥವು ಹೀಗೆ ಬೆರಳ ತುದಿಯಿಂದ ಹತ್ತಿದರೆ ಮರೆಯುವುದಿಲ್ಲ.

ಎರಡನೆಯದಾಗಿ ನವರಾತ್ರಿಯ ಹಸುರು. ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಗೊಂಬೆಗಳನ್ನು ಕೂರಿಸುವಾಗ ಮೆಟ್ಟಿಲುಗಳ ಮುಂದೆ ರಾಗಿಯನ್ನೋ ಸಾಸಿವೆಯನ್ನೋ ಮೊಳೆಯಿಸಿ ಒಂದು ಪುಟ್ಟ ತೋಟವನ್ನು ಮಾಡುವುದುಂಟು. ಉತ್ತರ ಕರ್ನಾಟಕದಲ್ಲಿ ಆಶ್ವಯುಜ ಶುದ್ಧ ಪಾಡ್ಯದಂದು ಘಟದ ಸುತ್ತ ಮಣ್ಣಿನಲ್ಲಿ ಧಾನ್ಯಗಳನ್ನು ಬಿತ್ತುವರು; ವಿಜಯದಶಮಿಯ ವೇಳೆಗೆ ಅವು ಸಸಿಗಳಾಗಿರುವುವು. ಬಿತ್ತುವ ಕೆಲಸಕ್ಕೆ ಎರಡೂವರೆ ವರ್ಷದ ಮಗುವಿಗಿಂತ ಉತ್ಸಾಹಿಯು ದೊರೆಯನು. ರಾಗಿಯನ್ನು ರಾತ್ರಿ ನೆನೆಯಿಸಿ, ಮರುದಿನ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ಮೊಳಕೆಯು ತಲೆದೋರಿದ ಮೇಲೆ, ಮಣ್ಣನ್ನೂ ಜರಡಿ ಹಿಡಿದ ಗೊಬ್ಬರವನ್ನೂ ತುಂಬಿದ ಕರಟಗಳಲ್ಲಿ ಮಗುವಿನಿಂದ ಚೆಲ್ಲಿಸಬೇಕು. ಮೇಲೆ ತೆಳ್ಳಗೆ ಮಣ್ಣನ್ನು ಉದುರಿಸಿ, ದಿನಕ್ಕೆ ಎರಡು ಸಲ ಕೈಯಿಂದ ನೀರನ್ನು ಚಿಮುಕಿಸಿದರೆ ಸುಮಾರು ಒಂದು ವಾರದಲ್ಲಿ ಒಂದೆರಡು ಅಂಗುಲದ ಹಸುರು ನಿಲ್ಲುವುದು. ಆದುದರಿಂದ ಗೊಂಬೆಗಳನ್ನಿಡುವ ದಿನಕ್ಕೆ ಏಳೆಂಟು ದಿನಗಳ ಮೊದಲೇ ಬಿತ್ತನೆಯಾಗಬೇಕು. ಒಂದು ಕಡೆ ದಟ್ಟವಾಗಿ, ಇನ್ನೊಂದು ಕಡೆ ಬೋಳಾಗಿ ಬೆಳೆದರೆ ಬೆಳೆಯಲಿ. ಮುಂಜಾನೆ ಎದ್ದೊಡನೆ ಕರಟದ ಬಳಿಗೆ ಓಡುವ ಅಭ್ಯಾಸವು ಆ ಮಗುವಿಗೆ ಬಂದರೆ ಸಾಕು.

ಇನ್ನು ಹೂವಿನ ಎಸಳುಗಳನ್ನು ಬಿಡಿಸುವುದು. ಚೆಂಡುಹೂವು ದಸರೆಯ ಮತ್ತು ದೀಪಾವಳಿಯ ಕಾಲಕ್ಕೆ ಹೇರಳವಾಗಿರುವುದು. ತಾಯಿಯು ಸೀಮೆಸುಣ್ಣದಿಂದ ನೆಲದ ಮೇಲೆ ಒಂದು ದೊಡ್ಡ ವೃತ್ತವನ್ನು ಬರೆದುಕೊಟ್ಟರೆ ಮಗು ಬಿಡಿಸಿದ ಎಸಳುಗಳನ್ನು ಅದರೊಳಗೆ ತಾನೇ ತುಂಬುವುದು. ಅರ್ಧವು ಗೆರೆಯ ಹೊರಗೆ ಬಿದ್ದರೂ ಅಂಗಳಕ್ಕೆ ಅದೂ ಶೋಭೆಯೇ.

ಮೂರರಿಂದ ಐದು ವರ್ಷದವರು

ಈಗ ಮಣ್ಣಿನ ಕಾಲ ಬಂದಿತು. ಮಣ್ಣನ್ನು ಉಂಡೆಮಾಡುವುದು, ಹೊಸೆದು ಬತ್ತಿಮಾಡುವುದು, ತಟ್ಟಿ ಬಿಲ್ಲೆಮಾಡುವುದು: ಈ ಮೂರು ಕ್ರಿಯೆಗಳು ಬಂದರೆ ನಮ್ಮ ಹಬ್ಬಗಳ ಎಲ್ಲ ಮೂರ್ತಿಗಳೂ ಬಂದಂತೆಯೇ ಸರಿ. ಜೇಡಿಮಣ್ಣನ್ನು ಕುಂಬಾರರಿಂದ ತರಿಸಿ, ಪುಡಿಮಾಡಿ, ಕಲ್ಲುಗಳನ್ನು ಆರಿಸಿ, ಜರಡಿ ಹಿಡಿದು, ರಾತ್ರಿ ನೀರಿನಲ್ಲಿ ನೆನೆಯಲಿಟ್ಟು, ಮರುದಿನ ಚಪಾತಿಯ ಹಿಟ್ಟಿನ ಹದಕ್ಕೆ ನಾದಿಕೊಳ್ಳಬೇಕು. ಉಪಯೋಗಿಸುವ ವರೆಗೆ ಒದ್ದೆ ಬಟ್ಟೆಯನ್ನು ಮುಚ್ಚಿಟ್ಟಿರಬೇಕು.

ಪ್ರಥಮ ಪಾಠವು ನಾಗಪ್ಪ. ಶ್ರಾವಣ ಶುದ್ಧ ಪಂಚಮಿಗೆ ಮಗು ಒಂದು ಬತ್ತಿಯನ್ನು ಹೊಸೆದು, ಸುರುಳಿ ಸುತ್ತಿ, ಕೊನೆಯನ್ನು ಮೇಲಕ್ಕೆತ್ತಿ ಬೆರಳಿನಿಂದ ಒತ್ತಿದರೆ ಹೆಡೆಯಾಯಿತು. ಮೂರು ವರ್ಷದ ಕೈಗೂ ಇದು ಸಾಧ್ಯ.

ಎರಡನೆಯ ಪಾಠವು ಎತ್ತು. ಉತ್ತರ ಕರ್ನಾಟಕದಲ್ಲಿ ಜ್ಯೇಷ್ಠ ಬಹುಳ ಅಮಾವಾಸ್ಯೆಗೆ ಮಣ್ಣೆತ್ತಿನ ಅಮಾವಾಸ್ಯೆಯೆಂದೇ ಹೆಸರು. ಅದಕ್ಕೆ ಹದಿನೈದು ದಿನ ಮೊದಲು, ಕಾರಹುಣ್ಣಿಮೆಯಂದು, ಜೀವಂತ ಎತ್ತುಗಳಿಗೆ ಶೃಂಗಾರವಾದರೆ, ಈ ದಿನ ಮಣ್ಣಿನ ಎತ್ತುಗಳಿಗೆ ಪೂಜೆ. ಮುಂದೆ ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಮಣ್ಣಿನ ಗುಳ್ಳವ್ವನನ್ನು ಮಾಡಿ ಪೂಜಿಸುವರು. ಹೀಗೆ ಮಳೆಗಾಲದ ಆರಂಭದ ಹಬ್ಬಗಳೆಲ್ಲ ಮಣ್ಣಿನವೇ ಆಗಿರುವುದು ಒಕ್ಕಲುತನದ ನಾಡಿಗೆ ಸಹಜವಾಗಿದೆ. ಎತ್ತಿನ ಮೈಗೆ ದೊಡ್ಡ ನಿಂಬೆಹಣ್ಣಿನ ಗಾತ್ರದ ಉಂಡೆಯನ್ನು ಉದ್ದಮಾಡಿಕೊಳ್ಳಬೇಕು. ತಲೆಗೆ ಅಡಕೆಯ ಗಾತ್ರದ ಉಂಡೆ. ಕಾಲುಗಳಿಗೆ ನಾಲ್ಕು ಮೋಟು ಬತ್ತಿಗಳು. ಕೊಂಬುಗಳಿಗೆ ಎರಡು ಸಣ್ಣ ಬತ್ತಿಗಳು. ಬೆನ್ನಿನ ಮೇಲೆ ಚಿವುಟಿ ಎಬ್ಬಿಸಿದ ಹಿಣಿಲು. ಸೇರಿಸುವ ಎಡೆಗಳಲ್ಲಿ ಕಡ್ಡಿಯಿಂದ ಗೀಚಿ, ಕೆಸರಿನ ನೀರನ್ನು ಸವರಿ ಒತ್ತಿದರೆ ಒಣಗಿದ ಮೇಲೆ ಕಳಚಿಬೀಳುವುದಿಲ್ಲ.

ಕಾಲುಗಳು ಗಿಡ್ಡವಾಗಿಯೂ ದಪ್ಪವಾಗಿಯೂ ಇರಬೇಕೆಂಬುದು ಇಲ್ಲಿನ ರಹಸ್ಯ. ನಾನು ಆ ಸೀಮೆಯ ಒಂದು ಹಳ್ಳಿಯಲ್ಲಿ ಉಪಾಧ್ಯಾಯನಾಗಿದ್ದಾಗ ಹುಡುಗರೆಲ್ಲರೂ ತಂತಮ್ಮ ಎತ್ತುಗಳನ್ನು ಶಾಲೆಗೆ ತಂದು ಸಾಲಾಗಿ ನಿಲ್ಲಿಸಿದ್ದರು. ಅವರಲ್ಲಿ ಅತಿ ಚಿಕ್ಕವನ ಎತ್ತು ಮಾತ್ರ ಕಾಲುಗಳು ಬಾಗಿ ಒಂದು ಮಗ್ಗುಲಿಗೆ ಬಿದ್ದಿತ್ತು. ಉಳಿದವರು ನಗತೊಡಗಿದರು. ಅವನು ಸ್ವಲ್ಪವೂ ಅಳುಕದೆ, “ಗುರುಗಳ, ಹೊಲದಾಗ ದುಡದು ದಣದೈತ್ರಿ, ಅದಕ್ಕ ಮಲಗೈತ್ರಿ” ಎಂದನು. ನಗುತ್ತಿದ್ದವರು ಸುಮ್ಮನಾದರು. ಅವರೆಲ್ಲರೂ ಸಂಜೆಗೆ ಕೊಟ್ಟಿಗೆಯಲ್ಲಿ ಮಲಗಿದ ಎತ್ತನ್ನು ದಿನವೂ ಕಂಡವರೇ. ಆದರೆ ಅದನ್ನು ಮಾಡಬಹುದೆಂಬುದು ಅವರಲ್ಲಿ ಯಾರಿಗೂ ತೋರಿರಲಿಲ್ಲ. ಆ ದಿನ ಪೂಜೆಯಲ್ಲಿ ನಿಂತ ಎತ್ತುಗಳ ನಡುವೆ ಆ ಮಲಗಿದ ಎತ್ತಿಗೂ ಹೂವೇರಿತು. ಮನೆಯಲ್ಲಿ ಕಾಲುಗಳು ನಿಲ್ಲದಿದ್ದರೆ ಮಲಗಿದ ಎತ್ತನ್ನೇ ಮಾಡಿಸಬಹುದೆಂಬ ಉಪಾಯವು ನನಗೆ ಹೊಳೆದುದೂ ಆ ಹುಡುಗನಿಂದಲೇ.

ಮೂರನೆಯ ಪಾಠವು ಗಣಪತಿ. ಒಂದು ಬಿಲ್ಲೆಯ ಪೀಠ, ಅದರ ಮೇಲೆ ಹೊಟ್ಟೆಗೆ ದೊಡ್ಡ ಉಂಡೆ, ತಲೆಗೆ ಅದರ ಅರ್ಧದ ಉಂಡೆ, ಮಡಿಚಿದ ಕಾಲುಗಳಿಗೆ ಎರಡು ಬತ್ತಿಗಳು, ಕೈಗಳಿಗೆ ಬತ್ತಿಗಳು, ಕಿವಿಗಳಿಗೆ ಎರಡು ತೆಳು ಬಿಲ್ಲೆಗಳು, ಕೊನೆಗೆ ತುದಿಯತ್ತ ಸಣ್ಣಗಾಗುವ ಒಂದು ಬತ್ತಿಯ ಸೊಂಡಿಲು. ಎತ್ತರವು ನಾಲ್ಕೈದು ಅಂಗುಲಗಳನ್ನು ಮೀರದಿದ್ದರೆ ಒಳ್ಳಿತು. ಮೀರಿದರೆ ತೂಕದಿಂದ ಕುಸಿಯುವುದು, ಒಣಗುವಾಗ ಬಿರಿಯುವುದು. ಬಿಸಿಲಿಗಿಡದೆ ನೆರಳಿನಲ್ಲಿ ಎರಡು ಮೂರು ದಿನ ಆರಿಸಬೇಕು. ಬಿರುಕು ಕಂಡರೆ ಕೆಸರಿನ ನೀರನ್ನು ಸವರಲು ಮಗುವಿಗೇ ಹೇಳಬಹುದು.

ಕಣ್ಣುಗಳ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಮಣ್ಣಿನ ಮೂರ್ತಿಗಳಿಗೆ ಗುಲಗಂಜಿಯನ್ನು ಕಣ್ಣಾಗಿ ಒತ್ತುವ ರೂಢಿಯು ಹಲವೆಡೆ ಉಂಟು. ನೋಡುವುದಕ್ಕೆ ಮನೋಹರವಾದ ಆ ಕೆಂಪು ಕಪ್ಪು ಬೀಜದಲ್ಲಿ ಅತ್ಯುಗ್ರವಾದ ವಿಷವಿರುವುದು. ಗಟ್ಟಿಯಾದ ಸಿಪ್ಪೆಯಿರುವುದರಿಂದ ಇಡಿಯಾಗಿ ನುಂಗಿದಾಗ ಕೆಲವು ವೇಳೆ ಅಪಾಯವಾಗದಿದ್ದರೂ, ಅಗಿದರೆ ಅಥವಾ ತೂತುಮಾಡಿದ ಬೀಜವನ್ನು ನುಂಗಿದರೆ ಪ್ರಾಣಕ್ಕೇ ಸಂಚಕಾರ. ಎಳೆಯ ಮಕ್ಕಳಿರುವ ಮನೆಯಲ್ಲಿ ಅದನ್ನು ಇಟ್ಟುಕೊಳ್ಳಲೇಕೂಡದು. ಒಂದು ವೇಳೆ ಮಗು ಬಾಯಿಗೆ ಹಾಕಿಕೊಂಡುದು ತಿಳಿದರೆ, ಲಕ್ಷಣಗಳಿಗಾಗಿ ಕಾಯದೆ ಕೂಡಲೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಕಣ್ಣಿಗೆ ಎರಡು ರಾಗಿಯ ಕಾಳುಗಳು ಸಾಕು. ಕಡ್ಡಿಯ ತುದಿಯಿಂದ ಎರಡು ಗುಳಿಗಳನ್ನು ಒತ್ತಿದರೂ ಸಾಕು.

ಐದರಿಂದ ಎಂಟು ವರ್ಷದವರು

ಇವರ ಬೆರಳುಗಳು ಈಗ ನಿಜವಾದ ಸಹಾಯಕ್ಕೆ ಬರುವುವು. ಚೈತ್ರ ಶುದ್ಧ ಪಾಡ್ಯದ ತೋರಣವನ್ನು ಪೂರ್ತಿಯಾಗಿ ಇವರಿಗೇ ಬಿಟ್ಟುಬಿಡಬಹುದು. ಮೂರು ಅಡಿಯ ಬಾಗಿಲಿಗೆ, ಎರಡೂ ಕಡೆ ಕಟ್ಟುವುದಕ್ಕೆ ಉಳಿಯುವಂತೆ, ನಾಲ್ಕು ಅಡಿಯ ಹುರಿ ಬೇಕು. ಎಲೆಯ ತೊಟ್ಟಿನ ಭಾಗವನ್ನು ಹುರಿಯ ಮೇಲಿನಿಂದ ಹಿಂದಕ್ಕೆ ಮಡಿಚಿ, ತೆಂಗಿನ ಗರಿಯ ಕಡ್ಡಿಯ ಚೂರಿನಿಂದ ಹೊಲಿಗೆಯಂತೆ ಚುಚ್ಚಿ ನಿಲ್ಲಿಸಬೇಕು. ಮೂರು ಅಂಗುಲಕ್ಕೆ ಒಂದರಂತೆ ಹನ್ನೆರಡು ಹದಿಮೂರು ಎಲೆಗಳು ಹಿಡಿಯುವುವು. ಎಷ್ಟು ಎಲೆಗಳು ಬೇಕೆಂಬ ಲೆಕ್ಕವನ್ನು ಬಾಗಿಲನ್ನು ಅಳೆದು ಮಗುವೇ ಹೇಳಲಿ. ಗಣಿತವು ಸಲೇಟಿನಿಂದ ಹೊಸಲಿಗೆ ಇಳಿದು ಬರಲಿ.

ದೀಪಾವಳಿಗೆ ಆಕಾಶಬುಟ್ಟಿ. ಬಿದಿರಿನ ಕಡ್ಡಿಗಳ ಚೌಕಟ್ಟು ದೊಡ್ಡವರ ಕೆಲಸ. ಮಕ್ಕಳಿಗೆ ಕಾಗದದ ಬುಟ್ಟಿಯೊಂದಿದೆ. ಹನ್ನೆರಡು ಅಂಗುಲ ಉದ್ದ, ಎಂಟು ಅಂಗುಲ ಅಗಲವಾದ ಬಣ್ಣದ ದಪ್ಪ ಕಾಗದವನ್ನು ಉದ್ದಕ್ಕೆ ಎರಡಾಗಿ ಮಡಿಸಿ, ಮಡಿಕೆಯ ಕಡೆಯಿಂದ ಅಂಗುಲಕ್ಕೊಂದರಂತೆ ಕತ್ತರಿಸುತ್ತ ಬರಬೇಕು; ಬಿಚ್ಚಿದ ಅಂಚಿಗೆ ಒಂದು ಅಂಗುಲವಿರುವಾಗಲೇ ಕತ್ತರಿಯನ್ನು ನಿಲ್ಲಿಸಬೇಕು. ಅನಂತರ ಬಿಡಿಸಿ, ಕೊಳವೆಯಾಗಿ ಸುತ್ತಿ, ಮೈದಾಹಿಟ್ಟನ್ನು ಕಾಸಿದ ಸರಿಯಿಂದ ಅಂಟಿಸಿ, ಮೇಲಿನಿಂದ ಮೆಲ್ಲನೆ ಒತ್ತಿದರೆ ನಡುವಣ ಪಟ್ಟಿಗಳು ಹೊರಕ್ಕೆ ಉಬ್ಬಿ ಬುಟ್ಟಿಯಾಗುವುದು. ಮೇಲೆ ಒಂದು ಪಟ್ಟಿಯ ಹಿಡಿ. ಇದರೊಳಗೆ ಎಣ್ಣೆಯ ಹಣತೆಯನ್ನಾಗಲಿ ಮೇಣದ ಬತ್ತಿಯನ್ನಾಗಲಿ ಎಂದೂ ಇಡಕೂಡದು; ತಣ್ಣನೆಯ ಬೆಳಕನ್ನು ಕೊಡುವ ಚಿಕ್ಕ ಎಲ್‌ಇಡಿ ದೀಪವನ್ನು ಇಡಬೇಕು. ಹಣತೆಗೆ ಬೇಕಾದ ಹತ್ತಿಯ ಬತ್ತಿಗಳನ್ನು ಹೊಸೆಯುವುದನ್ನು ಮಕ್ಕಳು ಕಲಿಯಲಿ. ಹಚ್ಚುವುದು ದೊಡ್ಡವರ ಕೈಯಲ್ಲಿರಲಿ.

ಆರತಿಯ ಕೆಂಪು ನೀರನ್ನು ಕಂಡು ಅದು ಹೇಗಾಯಿತೆಂದು ಕೇಳದ ಮಗುವಿಲ್ಲ. ಅರಿಸಿನದ ಹಳದಿಯು ಕ್ಷಾರವು ತಗುಲಿದೊಡನೆ ಕೆಂಪಾಗುವುದೇ ಅದರ ಗುಟ್ಟು. ಆದರೆ ಸುಣ್ಣವು ಕಣ್ಣಿಗೆ ಸಿಡಿದರೆ ದೃಷ್ಟಿಗೇ ಹಾನಿಯಾಗಬಹುದು. ಆದುದರಿಂದ ಮಕ್ಕಳಿಗೆ ಅಡಿಗೆ ಸೋಡವನ್ನು ಕೊಡಬೇಕು. ಒಂದು ಚಮಚ ಅರಿಸಿನವನ್ನು ನಾಲ್ಕು ಚಮಚ ನೀರಿನಲ್ಲಿ ಕದಡಿ, ಬಿಳಿಯ ಕಾಗದಕ್ಕೆ ಬಳಿದು ಒಣಗಿಸಿ, ಅದರ ಮೇಲೆ ಸೋಡದ ನೀರಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಬರೆದರೆ, ಬರೆದ ಗೆರೆಯೆಲ್ಲ ಕೆಂಪಾಗಿ ಮೂಡುವುದು. ನಿಂಬೆಯ ರಸವನ್ನು ತಾಗಿಸಿದರೆ ಮತ್ತೆ ಹಳದಿ. ಸಂಕ್ರಾಂತಿಯ ಎಳ್ಳುಬೆಲ್ಲದ ಪೊಟ್ಟಣಗಳನ್ನು ಇಂತಹ ಕಾಗದದಿಂದ ಅಲಂಕರಿಸಿ ಬಂಧುಗಳಿಗೆ ಹಂಚಬಹುದು. ಹೋಳಿಗಾದರೋ ಪ್ರಕೃತಿಯೇ ಬಣ್ಣವನ್ನು ಒದಗಿಸಿರುವುದು: ಫಾಲ್ಗುಣದಲ್ಲಿ ಅರಳುವ ಮುತ್ತುಗದ ಹೂಗಳನ್ನು ರಾತ್ರಿ ನೀರಿನಲ್ಲಿ ನೆನೆಯಿಟ್ಟರೆ ಬೆಳಗಿಗೆ ಕಿತ್ತಿಳೆ ಹಳದಿಯ ಓಕುಳಿಯು ಸಿದ್ಧ.

ಕೆಲವು ಎಚ್ಚರಿಕೆಗಳು

ಒಂದೂಕಾಲು ಅಂಗುಲ ಅಗಲದ ರಂಧ್ರದಲ್ಲಿ ತೂರಬಲ್ಲ ಗಟ್ಟಿ ವಸ್ತುವಾವುದನ್ನೂ ಮೂರು ವರ್ಷದೊಳಗಿನ ಮಗುವಿನ ಕೈಗೆ ಕೊಡಬಾರದು. ಮಣಿ, ಗುಂಡಿ, ಕಡಲೆಕಾಳುಗಳು ಉಸಿರಿನ ನಾಳಕ್ಕೆ ಸಿಕ್ಕುವ ಭಯವುಂಟು. ಅಕ್ಕಿ ರಾಗಿಗಳ ಕೆಲಸದಲ್ಲಿಯೂ ದೊಡ್ಡವರೊಬ್ಬರು ಪಕ್ಕದಲ್ಲಿಯೇ ಕುಳಿತಿರಬೇಕು. ಗಣಪತಿಗೆ ಪ್ರಿಯವೆನ್ನುವ ಎಕ್ಕದ ಹೂವಿನ ಹಾಲು ಕಣ್ಣಿಗೆ ತಗುಲಿದರೆ ತೀವ್ರವಾದ ಉರಿಯೂ ಊತವೂ ಉಂಟಾಗುವುದರಿಂದ ಆ ಹಾರವನ್ನು ಮಕ್ಕಳಿಂದ ಕಟ್ಟಿಸಬಾರದು. ಸಿಂಧೂರದಲ್ಲಿ ಸೀಸದ ಅಂಶವಿರಬಹುದು. ಅದು ಮಕ್ಕಳ ಬುದ್ಧಿಯ ಬೆಳೆವಣಿಗೆಗೆ ಶತ್ರು. ಗೃಹೋಪಯೋಗಿ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಗಳಿಗೆ ೯೦ ಭಾಗಗಳನ್ನು ಮೀರಕೂಡದೆಂದು ಸರ್ಕಾರವು ೨೦೧೬ ರಲ್ಲಿ ನಿಯಮವನ್ನು ಮಾಡಿದೆ. ಡಬ್ಬಿಯ ಮೇಲಿನ ಬರಹವನ್ನು ಓದದೆ ಬಣ್ಣವನ್ನು ತರಬಾರದು. ಮಣ್ಣಿನ ಮೂರ್ತಿಗೆ ಅರಿಸಿನವೂ ಕೆಮ್ಮಣ್ಣೂ ಇರುವಾಗ ಬೇರೆ ಬಣ್ಣವೇಕೆ?

ವಿಸರ್ಜನೆ

ಮಗು ತನ್ನ ಕೈಯಿಂದ ಮಾಡಿದ ಗಣಪತಿಯನ್ನು ನೀರಿಗೆ ಬಿಡುವ ಹೊತ್ತು ಕಷ್ಟದ ಹೊತ್ತು. ಪೇಟೆಯ ಗಣಪತಿಯನ್ನು ಬಿಡುವಾಗ ಕುಣಿದ ಮಗುವೇ ತನ್ನದನ್ನು ಬಿಡುವಾಗ ಅಳುವುದುಂಟು. ಆಗ ಗದರಿಸಲೂ ಬಾರದು. ಕದ್ದು ಬಿಟ್ಟುಬಿಡಲೂ ಬಾರದು. ಮಣ್ಣಿನ ಮೂರ್ತಿಗೆ ಪಾರ್ಥಿವವೆಂದು ಹೆಸರು. ಪೃಥಿವಿಯಿಂದ ಬಂದುದೆಂದು ಅದರ ಅರ್ಥ. ಆವಾಹನೆಯನ್ನು ಮಾಡಿ ದೇವರನ್ನು ಕರೆದವರು ವಿಸರ್ಜನೆಯನ್ನು ಮಾಡಿ ಕಳುಹಿಸಿಕೊಡುವುದು ಪೂಜೆಯ ಕ್ರಮವೇ ಆಗಿದೆ. ಇದನ್ನು ಮಗುವಿಗೆ ಅದರ ಮಾತಿನಲ್ಲಿ, “ಬಂದ ನೆಂಟರು ಊರಿಗೆ ಹೋಗಬೇಡವೆ ಮಗು? ಬರುವ ವರ್ಷ ನೀನು ಕರೆದರೆ ಮತ್ತೆ ಬರುವರು” ಎಂದು ಹೇಳಿದರೆ ಒಪ್ಪಿಕೊಳ್ಳುವುದು. ಕೆರೆಗೆ ಹೋಗಬೇಕಾದುದಿಲ್ಲ, ಮನೆಯ ಬಕೆಟ್ಟೇ ಸಾಕು. ಸುಡದ ಮಣ್ಣಿನ ಪುಟ್ಟ ಮೂರ್ತಿಯು ಒಂದು ರಾತ್ರಿಯಲ್ಲಿ ಕರಗಿ ಕೆಸರಾಗುವುದು. ಆ ಮಣ್ಣನ್ನು ಹೂವಿನ ಕುಂಡಕ್ಕೆ ಹಾಕಿ, ಅದರಲ್ಲಿ ಮಗುವಿನಿಂದಲೇ ಒಂದು ಬೀಜವನ್ನು ನೆಡಿಸಬಹುದು. ಪ್ಲಾಸ್ಟರ್ ಆಫ್ ಪ್ಯಾರಿಸಿನ ಮೂರ್ತಿಯು ಹೀಗೆ ಕರಗಲಾರದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ೨೦೧೦ ರಲ್ಲಿ ಹೊರಡಿಸಿ ೨೦೨೦ ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಗಳೂ ಮಣ್ಣಿನ ಮೂರ್ತಿಗಳನ್ನೇ ವಿಧಿಸಿವೆ.

ಗೃಹಸ್ಥರಲ್ಲಿ ಒಂದು ವಿಜ್ಞಾಪನೆ

ಇವೆಲ್ಲವನ್ನೂ ಓದಿದ ಗೃಹಿಣಿಯು, “ಹಬ್ಬದ ಅಡಿಗೆಯೇ ಬೆಟ್ಟದಷ್ಟಿರುವಾಗ ಇದನ್ನೂ ನಾನೇ ಮಾಡ ಬೇಕೆ?” ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಮಾಡಬೇಕಾದುದಿಲ್ಲ. ಇದು ಮನೆಯ ಯಜಮಾನರ ಕೆಲಸವಾಗಲಿ. ಅಜ್ಜಅಜ್ಜಿಯರಿದ್ದರೆ ಅವರ ಕೆಲಸವಾಗಲಿ. ಹಬ್ಬದ ಬೆಳಗಿನ ಗಡಿಬಿಡಿಯಲ್ಲಿ ಬೇಡ. ಹಿಂದಿನ ಸಂಜೆ ಬಿಡುವಾಗಿ ಕುಳಿತು ಮಾಡಿಸಲಿ. ಎರಡು ವರ್ಷದವರಿಗೆ ಹತ್ತು ನಿಮಿಷ, ಆರು ವರ್ಷದವರಿಗೆ ಅರ್ಧ ಗಂಟೆ ಸಾಕು. ಒಂದು ಹಬ್ಬಕ್ಕೆ ಒಂದೇ ಕೆಲಸ. ಈ ಲೇಖನದಲ್ಲಿ ಹೇಳಿದುದೆಲ್ಲವನ್ನೂ ಒಂದೇ ವರ್ಷದಲ್ಲಿ ಮಾಡಿಸಬೇಕೆಂದು ಹಟಹಿಡಿದರೆ ಹಬ್ಬವೂ ಶಾಲೆಯಂತಾಗುವುದು.

ಪೇಟೆಯಿಂದ ಗಣಪತಿಯನ್ನು ತರುವ ಮನೆಗಳವರು ತರುವುದನ್ನು ಬಿಡಬೇಕೆಂದೂ ನಾನು ಹೇಳುವುದಿಲ್ಲ; ಮಣ್ಣಿನದನ್ನು ಆರಿಸಿಕೊಂಡರೆ ಕುಂಬಾರರ ಜೀವನವೂ ನಡೆಯಬೇಕಲ್ಲವೆ? ಆದರೆ ಅದರ ಪಕ್ಕದಲ್ಲಿ, ಅದೇ ಮಂಟಪದೊಳಗೆ, ಮಗುವಿನ ಗಣಪತಿಗೂ ಒಂದು ಮಣೆಯನ್ನು ಹಾಕಿರಿ. ಕಿವಿಯು ಒಂದು ದೊಡ್ಡದಾಗಿ ಒಂದು ಚಿಕ್ಕದಾಗಿರಲಿ, ಸೊಂಡಿಲು ಮೂಗಿನಂತೆಯೇ ಇರಲಿ. ಅದಕ್ಕೂ ಗರಿಕೆಯೇರಲಿ, ಅದಕ್ಕೂ ಮಂಗಳಾರತಿಯಾಗಲಿ. ನೆಂಟರು ಬಂದು ಇದು ಯಾರು ಮಾಡಿದ್ದೆಂದು ಕೇಳಿದಾಗ ನೀವು ಉತ್ತರವನ್ನು ಕೊಡಬೇಡಿರಿ, ಮಗುವೇ ಹೇಳಲಿ.